ಕೂಗ್ತೈತಿ, ಎಳೆಯಂಗಿಲ್ಲ

ಆಗ ಮಿಕೋ ಪ್ಲಗ್ ಒಂದಕ್ಕೆ 32 ರೂಪಾಯಿ. ಪೆಟ್ರೋಲು ಲೀಟರಿಗೆ 15-16ರ ಆಸುಪಾಸು. ಅರ್ಧ ಲೀಟರು 2ಟಿ ಎಣ್ಣೆಯ ಡಬ್ಬಿಗೆ 25. ಶಿಕಾರಿಪುರದ ಬಸ್‌ಸ್ಟ್ಯಾಂಡಿನ ಪಕ್ಕದಲ್ಲಿ ಮಿರ್ಚಿ, ಮಂಡಕ್ಕಿ ತಿಂದು ಚಾ ಕುಡಿದರೂ 5 ರೂಪಾಯಿ ನೋಟಿಗೆ ಚಿಲ್ಲರೆ ವಾಪಸು ಬರುತ್ತಿತ್ತು. 1992ರ ಆ ವರ್ಷ ನಾನು 16,500 ರೂಪಾಯಿ ಕೊಟ್ಟು, ಮೂರು ವರ್ಷ ಓಡಿದ ಒಂದು ಕಪ್ಪು ಯಮಹಾ ಆರ್‌ಎಕ್ಸ್ 100 ಕೊಂಡೆ. ಅವ್ವ ಸಂದೂಕದ ತಳದಲ್ಲಿ ಅರಿವೆಯ ಗಂಟು ಕಟ್ಟಿಟ್ಟಿದ್ದ 3,000 ರೂಪಾಯಿಯೂ ಅದರಲ್ಲಿ ಸೇರಿತ್ತು. ಹುಚ್ಚರಾಯಸ್ವಾಮಿ ಗುಡಿಯ ಮುಂದೆ ಪೂಜೆ ಮಾಡಿಸಿ, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ ಹೊರಟಾಗ ಆ ಸದ್ದು ಕೆರೆ ಏರಿಯ ತನಕ ಕೇಳಿತು. ಮದುವೆಯಾಗದ ವಯಸ್ಸು, ಸುಮ್ಮನೆ ಇನ್ನೊಂದು ಸುತ್ತು ಹಾಕಿ ಬಂದೆ.

ನೀವೆಲ್ಲ ಆ ಗಾಡಿಯನ್ನು ಫೋನಿನ ವಿಡಿಯೊಗಳಲ್ಲಿ ನೋಡಿರುತ್ತೀರಿ. ಎಸ್ಕಾರ್ಟ್ಸ್ ಕಂಪನಿ ಯಮಹಾ ಜೊತೆ ಸೇರಿ 1985ರಲ್ಲಿ ತಂದ ಗಾಡಿ ಅದು. ಬೋರು 50 ಮಿಲಿಮೀಟರು, ಸ್ಟ್ರೋಕೂ 50. ಒಟ್ಟು 98 ಸಿಸಿ. ಹನ್ನೊಂದು ಕುದುರೆ ಬಲ, ತೂಕ ನೂರು ಕೆ.ಜಿ. ಆಸುಪಾಸು. ಇಷ್ಟು ಹಗುರ ಮೈಗೆ ಅಷ್ಟು ಬಲ ಕೊಟ್ಟ ಗಾಡಿ ನಮ್ಮ ಕಡೆ ಬೇರೆ ಇರಲಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ ಇತ್ತು, 250 ಸಿಸಿಯದು. ಹಾಲಿನ ಕ್ಯಾನು, ಅಡಿಕೆ ಮೂಟೆ, ಹೆಂಡತಿ ಮಕ್ಕಳು ಎಲ್ಲವನ್ನೂ ಹೇರಿಕೊಂಡು ಹೋಗುವ ಸಂಸಾರವಂದಿಗ ಗಾಡಿ. ಹೀರೊ ಹೋಂಡಾ ಸಿಡಿ 100 ಪೆಟ್ರೋಲು ಉಳಿಸುತ್ತಿತ್ತು. ಆರ್‌ಎಕ್ಸ್ ಓಡಿಸಿದವನಿಗೆ ಮಾತ್ರ ಅಕ್ಸಿಲರೇಟರು ತಿರುವಿದ ಮರುಗಳಿಗೆಯಲ್ಲೇ ಗಾಡಿ ಮುಂದಿರುವುದರ ರುಚಿ ಹತ್ತುತ್ತಿತ್ತು. ಆ ರುಚಿ ಹತ್ತಿದವನಿಗೇ ಎಳೆತ ಕಮ್ಮಿಯಾದದ್ದು ಮೊದಲು ಗೊತ್ತಾಗುವುದು.

ನನ್ನ ಕೆಲಸ ಪಶುಸಂಗೋಪನೆ ಇಲಾಖೆಯಲ್ಲಿ. ಕಾಗದದ ಮೇಲೆ ಪಶುವೈದ್ಯಕೀಯ ಪರೀಕ್ಷಕ, ಊರವರ ಬಾಯಲ್ಲಿ ದನದ ಡಾಕ್ಟ್ರು. ಮೊದಲು ಶಿಕಾರಿಪುರ ತಾಲೂಕಿನಲ್ಲಿದ್ದೆ, ಆಮೇಲೆ ಸೊರಬಕ್ಕೆ ಹಾಕಿದರು. ಬಳ್ಳಿಗಾವಿ, ತಾಳಗುಂದ, ಉಡುಗಣಿ, ಆನವಟ್ಟಿ, ಜಡೆ, ಚಂದ್ರಗುತ್ತಿ, ಉಳವಿ, ಹೀಗೆ ಊರೂರು ತಿರುಗಾಟ. ಗಾಡಿಯ ಹಿಂದೆ ಕಾಲುಬಾಯಿ ಜ್ವರದ ಲಸಿಕೆಯಿದ್ದ ಐಸಿನ ಫ್ಲಾಸ್ಕು, ಇಲ್ಲವೆ ವೀರ್ಯದ ಕಡ್ಡಿಗಳನ್ನಿಟ್ಟ ದ್ರವ ಸಾರಜನಕದ ಕ್ಯಾನು. ಅದರೊಳಗೆ ಸೊನ್ನೆಗಿಂತ 196 ಡಿಗ್ರಿ ಕೆಳಗಿನ ಚಳಿ. ಮುಚ್ಚಳ ತೆಗೆದರೆ ಬಿಳಿ ಹೊಗೆ ಏಳುತ್ತಿತ್ತು, ಮಕ್ಕಳೆಲ್ಲ ಸುತ್ತ ನೆರೆಯುತ್ತಿದ್ದವು. ಬೆಳಿಗ್ಗೆ ಬೆದೆಗೆ ಬಂದ ಹಸುವಿಗೆ ಸಂಜೆಯೊಳಗೆ ಸೂಜಿ ಆಗಬೇಕು. ಹೊತ್ತು ಮೀರಿದರೆ ಮತ್ತೆ ಮೂರು ವಾರ ಕಾಯಬೇಕು, ಅಷ್ಟು ದಿನದ ಹಾಲು ಆ ಮನೆಗೆ ತಪ್ಪುತ್ತದೆ. ಅದಕ್ಕೇ ಗಾಡಿ ದಾರಿಯಲ್ಲಿ ಸೊರಗಿದರೆ ನನಗೆ ಬೇರೆಯವರಿಗಿಂತ ಹೆಚ್ಚು ಸಂಕಟ.

ಸುಸ್ತಾಗಿ ನಿಲ್ಲುವುದು ಬೇರೆ, ಓಡುತ್ತ ಓಡುತ್ತ ಎಳೆತ ಸತ್ತುಹೋಗುವುದು ಬೇರೆ. ನಿಂತ ಗಾಡಿಯ ಕತೆ ಸುಲಭ. ಪೆಟ್ರೋಲಿಲ್ಲ, ಕರೆಂಟಿಲ್ಲ, ಎರಡರಲ್ಲಿ ಒಂದು. ಎಂಜಿನ್ ಇನ್ನೂ ಓಡುತ್ತಿದೆ, ಗೇರು ಇದೆ, ನೀವು ಅಕ್ಸಿಲರೇಟರು ಪೂರ್ತಿ ತಿರುವಿದ್ದೀರಿ, ಆದರೂ ಅರವತ್ತರಲ್ಲಿದ್ದ ಮುಳ್ಳು ಮೂವತ್ತಕ್ಕೆ ಇಳಿಯುತ್ತಿದೆ ಅಂದರೆ ಅದಕ್ಕೆ ನೂರು ಕಾರಣ. ಹೀಗೆ ಆದ ಮೊದಲ ಸಲ ಶಿರಾಳಕೊಪ್ಪದ ಒಂದು ಗ್ಯಾರೇಜಿಗೆ ತಳ್ಳಿಕೊಂಡು ಹೋದೆ. ತಗಡಿನ ಮಾಡು, ನೆಲವೆಲ್ಲ ಎಣ್ಣೆ ಕುಡಿದು ಕಪ್ಪಾದ ಮಣ್ಣು, ಗೋಡೆಯ ನಾಗಂದಿಗೆಯ ಮೇಲೆ ಹಳೆಯ ಪಿಸ್ಟನ್ನುಗಳ ಸಾಲು. ಸುಟ್ಟ 2ಟಿ ಎಣ್ಣೆ, ಗ್ರೀಸು, ಬೀಡಿ, ಮೂಲೆಯ ಸ್ಟೋವಿನ ಮೇಲಿದ್ದ ಚಾ, ಎಲ್ಲ ಕೂಡಿದ ವಾಸನೆ. ಮೇಸ್ತ್ರಿ ಗಾಡಿಯತ್ತ ನೋಡಲಿಲ್ಲ, ನನ್ನತ್ತ ನೋಡಿದರು.

“ಡಾಕ್ಟ್ರೇ, ಗಾಡಿ ಕೂಗ್ತೈತಿ ಎಳೆಯಂಗಿಲ್ಲೋ, ಕೂಗೋದೇ ಇಲ್ಲೋ?”

ನಾನು ಉತ್ತರ ಹುಡುಕುತ್ತ ನಿಂತಿದ್ದಾಗ ಅವರೇ ಬಿಡಿಸಿ ಹೇಳಿದರು. ಎಂಜಿನ್ ಜೋರಾಗಿ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ ಅಂದರೆ ಬಲ ಹುಟ್ಟುತ್ತಿದೆ, ಚಕ್ರಕ್ಕೆ ಮುಟ್ಟುತ್ತಿಲ್ಲ. ಕ್ಲಚ್ ಪ್ಲೇಟು ನೋಡಬೇಕು. ಕೂಗುವುದೇ ಇಲ್ಲ, ಗಂಟಲು ಕಟ್ಟಿದೆ ಅಂದರೆ ಬಲವೇ ಹುಟ್ಟುತ್ತಿಲ್ಲ. ಪೆಟ್ರೋಲು, ಗಾಳಿ, ಕರೆಂಟು, ಹೊಗೆ ಹೋಗುವ ದಾರಿ, ಈ ನಾಲ್ಕರಲ್ಲಿ ಒಂದು. ಎಂಜಿನ್ ಸರಿಯಾಗಿಯೇ ಕೂಗಲು ನೋಡುತ್ತದೆ, ಆದರೆ ಯಾರೋ ಹಿಡಿದೆಳೆಯುತ್ತಾರೆ ಅಂದರೆ ಬ್ರೇಕೋ ಚೈನೋ. “ತಣ್ಣಗಿದ್ದಾಗಲೂ ಹಿಂಗೇನೋ, ಬಿಸಿಯಾದ ಮ್ಯಾಲೋ? ಏರಿನಾಗೋ, ಸಮ ದಾರ್ಯಾಗೋ? ನಿನ್ನೆ ಏನು ಬಿಚ್ಚಿಸಿದ್ರಿ, ಎಲ್ಲಿ ಪೆಟ್ರೋಲ್ ಹಾಕಿಸಿದ್ರಿ?” ನಾನು ಕೊಟ್ಟಿಗೆಗೆ ಹೋದರೆ ಕೇಳುತ್ತಿದ್ದದ್ದೂ ಇದನ್ನೇ: ಮೇವು ಬಿಟ್ಟದ್ದು ಯಾವಾಗ, ಮೆಲುಕು ಹಾಕ್ತದೋ ಇಲ್ಲವೋ, ನಿನ್ನೆ ಎಲ್ಲಿ ಮೇಯಿತು. ಮಾತು ಬಾರದ ಎಮ್ಮೆಯ ಮುಂದೆ ನಿಂತವನಿಗೂ ಮಾತು ಬಾರದ ಗಾಡಿಯ ಮುಂದೆ ಕುಕ್ಕರಗಾಲಲ್ಲಿ ಕೂತವನಿಗೂ ಕೆಲಸ ಒಂದೇ ಎಂದು ಅವತ್ತು ಅನಿಸಿತು. ಆಮೇಲೆ ಬಿಡುವಾದಾಗಲೆಲ್ಲ ಆ ಗ್ಯಾರೇಜಿನ ಮುಂದಿನ ಕಲ್ಲಿನ ಮೇಲೆ ಕೂತು ಅವರ ಕೈ ನೋಡುವುದು ರೂಢಿಯಾಯಿತು.

ಸ್ಪ್ಯಾನರು ಮುಟ್ಟುವ ಮೊದಲು ಮೇಸ್ತ್ರಿ ಗಾಡಿಯನ್ನು ದೊಡ್ಡ ಸ್ಟ್ಯಾಂಡಿಗೆ ಹಾಕಿ ಹಿಂದಿನ ಚಕ್ರ ಕೈಯಲ್ಲಿ ತಿರುಗಿಸುತ್ತಿದ್ದರು. ಆಮೇಲೆ ಡ್ರಮ್ಮಿನ ಮೇಲೆ ಅಂಗೈ ಇಡುತ್ತಿದ್ದರು. ಜಾತ್ರೆಯ ದಿನ ಈಸೂರಿನ ಕಡೆಯ ಒಬ್ಬ ಹುಡುಗ ತನ್ನ ಗಾಡಿಗೆ ಹೊಸ ಬ್ರೇಕ್ ಲೈನರು ಹಾಕಿಸಿ, ನಟ್ಟು ಬಿಗಿಯಾಗಿ ತಿರುವಿಸಿಕೊಂಡು ಬಂದಿದ್ದ. ಎಂಜಿನ್ ಬಿಚ್ಚಿ ನೋಡಿ, ರಿಂಗು ಹೋಗಿದೆ ಎಂದು ಯಾರೋ ಅವನಿಗೆ ಹೇಳಿದ್ದರಂತೆ. ಮೇಸ್ತ್ರಿ ಡ್ರಮ್ಮಿನ ಮೇಲೆ ಒಂದು ಗುಟುಕು ನೀರು ಉಗುಳಿದರು, ಅದು ಚುಂಯ್ ಎಂದು ಆರಿತು. ಬ್ರೇಕ್ ಕಡ್ಡಿಯ ನಟ್ಟನ್ನು ನಾಲ್ಕು ಸುತ್ತು ಸಡಿಲಿಸಿದರು. ಲೈನರು ಬಿಸಿಗೆ ಹಿಗ್ಗಿ ಡ್ರಮ್ಮನ್ನು ಹಿಡಿದಿತ್ತು, ಅಷ್ಟೆ. ಒಂದು ಚಾ ಕುಡಿಸಿ ಹುಡುಗ ಹೋದ.

ನನಗೆ ಇಂದಿಗೂ ಇಷ್ಟವಾದದ್ದು ಮಳೆಗಾಲದ ಒಂದು ಪ್ರಸಂಗ. ನಮ್ಮ ಕಡೆ ಮಳೆ ಹಿಡಿದರೆ ದಿನಗಟ್ಟಲೆ ಬಿಡುತ್ತಿರಲಿಲ್ಲ. ಕಂಬಳಿ ಕೊಪ್ಪೆ ಹಾಕಿಕೊಂಡವರು, ಗೊರಬು ಹೊತ್ತವರು ಗದ್ದೆಯಲ್ಲಿ ಸಸಿ ಕೀಳುತ್ತಿದ್ದರು. ಗಾಡಿ ಇದ್ದವರೆಲ್ಲ ಟ್ಯಾಂಕಿಗೆ ನೀರು ಇಳಿಯದಿರಲೆಂದು ಗೊಬ್ಬರ ಚೀಲದ ಒಳಗಿನ ಪ್ಲಾಸ್ಟಿಕ್ಕನ್ನು ಕತ್ತರಿಸಿ, ಮುಚ್ಚಳದ ಮೇಲೆ ಹೊದಿಸಿ, ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದು ಕಟ್ಟುತ್ತಿದ್ದರು. ಸೊರಬದ ದಾರಿಯಲ್ಲಿ ನನ್ನ ಮುಂದೆ ಹೋಗುತ್ತಿದ್ದ ಒಬ್ಬ ಅಡಿಕೆ ಕೊನೆಗಾರರ ಗಾಡಿ ಮೂರ್ನಾಲ್ಕು ಕಿಲೋಮೀಟರಿಗೊಮ್ಮೆ ಸೊರಗುವುದು, ನಿಲ್ಲುವುದು. ಅವರು ಪ್ಲಾಸ್ಟಿಕ್ ಬಿಚ್ಚಿ, ಪೆಟ್ರೋಲು ಇದೆಯೇ ಎಂದು ಮುಚ್ಚಳ ತೆಗೆದು ನೋಡುವುದು, ಮತ್ತೆ ಮುಚ್ಚಿ ಕಟ್ಟಿ ಕಿಕ್ಕರು ಹೊಡೆದರೆ ಗಾಡಿ ಚಂದಾಗಿ ಹೊರಡುವುದು. ಮತ್ತೆ ಮೂರು ಕಿಲೋಮೀಟರು. ದಾರಿಬದಿಯ ಬಸರಿ ಮರದಡಿ ಇಬ್ಬರೂ ನಿಂತೆವು. ಮುಚ್ಚಳ ತೆಗೆವಾಗ ‘ಹುಸ್’ ಎಂದು ಸಣ್ಣ ಸದ್ದು ಬಂತು, ಮಳೆಯ ಸದ್ದಿನಲ್ಲೂ ನನಗೆ ಕೇಳಿಸಿತು.

ಟ್ಯಾಂಕಿನಿಂದ ಕಾರ್ಬೊರೇಟರಿಗೆ ಪೆಟ್ರೋಲು ತನ್ನ ಭಾರಕ್ಕೆ ತಾನೇ ಇಳಿಯುತ್ತಿದ್ದ ಗಾಡಿಗಳವು. ಇಳಿದಷ್ಟು ಜಾಗಕ್ಕೆ ಮೇಲಿನಿಂದ ಗಾಳಿ ಬರಬೇಕು, ಅದಕ್ಕೇ ಮುಚ್ಚಳದಲ್ಲಿ ಸೂಜಿಮೊನೆಯಷ್ಟು ತೂತು ಇಟ್ಟಿರುತ್ತಾರೆ. ಪ್ಲಾಸ್ಟಿಕ್ಕು ಆ ತೂತನ್ನು ಮುಚ್ಚಿತ್ತು. ಗಾಳಿ ಬಾರದೆ ಟ್ಯಾಂಕಿನೊಳಗೆ ನಿರ್ವಾತ ಬೆಳೆದು ಪೆಟ್ರೋಲನ್ನು ಮೇಲೆಯೇ ಹಿಡಿದು ನಿಲ್ಲಿಸುತ್ತಿತ್ತು. ಮುಚ್ಚಳ ತೆಗೆದ ಕೂಡಲೇ ಗಾಳಿ ನುಗ್ಗಿ ಎಲ್ಲ ಸರಿ. ಕಟ್ಟಿದ ಕೂಡಲೇ ರೋಗ ಮತ್ತೆ ಶುರು. ಪರೀಕ್ಷೆ ಮಾಡಿದವನ ಕೈಯೇ ರೋಗವನ್ನು ವಾಸಿ ಮಾಡಿಬಿಡುತ್ತಿತ್ತು, ಅದಕ್ಕೇ ಅವರಿಗೆ ಸಿಕ್ಕಿರಲಿಲ್ಲ. ಪ್ಲಾಸ್ಟಿಕ್ಕಿನ ಒಂದು ಅಂಚನ್ನು ಸಡಿಲ ಬಿಟ್ಟು ಕಟ್ಟಿದೆವು. “ಹೌದೇನ್ರೀ, ಇದೂ ಉಸುರಾಡ್ತದನ್ರೀ?” ಎಂದು ಕೇಳಿ ಅವರು ಟ್ಯಾಂಕನ್ನು ಒಮ್ಮೆ ತಟ್ಟಿದರು. ಮುಂದಿನ ವಾರ ಮನೆಗೆ ಒಂದು ಗೊನೆ ಬಾಳೆ ಬಂತು.

ಎರಡು ಸ್ಟ್ರೋಕಿನ ಗಾಡಿಯ ಪ್ಲಗ್ಗು ಒಂದು ಬೇರೆಯೇ ಅಧ್ಯಾಯ. ಪೆಟ್ರೋಲಿನ ಜೊತೆ ಎಣ್ಣೆಯೂ ಉರಿಯುವುದರಿಂದ ಮಸಿ ಕಟ್ಟುತ್ತದೆ. ಆ ಮಸಿಯ ಕೂದಲೆಳೆಯಷ್ಟು ಸಣ್ಣ ಎಳೆ ಪ್ಲಗ್ಗಿನ ಎರಡು ತುದಿಗಳ ನಡುವೆ ಅಡ್ಡ ಕೂತರೆ ಕಿಡಿ ಹಾರುವ ಬದಲು ಕರೆಂಟು ಅದರ ಮೇಲೇ ಹಾದುಹೋಗುತ್ತದೆ. ಎಂಜಿನ್ ‘ಮಿಸ್ಸಿಂಗ್’ ಹೊಡೆಯುತ್ತದೆ, ಎಳೆತ ಹೋಗುತ್ತದೆ. ಸೊರಬ ತಾಲೂಕಿನ ಕ್ಯಾಸನೂರು ಕಾಡಿನ ಕಡೆ ಹೋದಾಗ ಒಂದು ಸಲ ಹೀಗಾಯಿತು. 1957ರಲ್ಲಿ ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ ಕಾಡು ಅದು. ರೋಗಕ್ಕೆ ಜಗತ್ತಿನಾದ್ಯಂತ ಆ ಕಾಡಿನದೇ ಹೆಸರು. ಚಳಿಗಾಲದಿಂದ ಮುಂಗಾರಿನ ತನಕ ಅಲ್ಲಿ ತರಗೆಲೆಯ ಮೇಲೆ ಕೂರುವಂತಿಲ್ಲ, ಉಣುಗು ಹತ್ತುತ್ತದೆ. ನಿಂತುಕೊಂಡೇ ಪ್ಲಗ್ ಬಿಚ್ಚಿದೆ. ಕೈಯಲ್ಲಿ ಹಿಡಿದರೆ ಸುಡುತ್ತಿತ್ತು, ಅಂಗಿಯ ಚುಂಗಿನಲ್ಲಿ ಹಿಡಿದು ಕೆದಕಿದೆ. ತುದಿಗಳ ನಡುವಿನ ಸಂದು ಅಳೆಯಲು ಮೇಸ್ತ್ರಿ ಕೊಟ್ಟಿದ್ದ ಮುರಿದ ಆಕ್ಸಾ ಬ್ಲೇಡಿನ ತುಂಡು ಕಿಸೆಯಲ್ಲಿತ್ತು. ಅದರ ದಪ್ಪ ಸಂದಿಗೆ ಸರಿಹೊಂದುತ್ತಿತ್ತು. ಮತ್ತೆ ಹಾಕಿ ಕಿಕ್ಕರು ತುಳಿದರೆ ಒಂದೇ ಏಟಿಗೆ ಎದ್ದಿತು.

ಪ್ಲಗ್ಗಿನ ಬಣ್ಣ ಓದುವುದನ್ನೂ ಮೇಸ್ತ್ರಿಯೇ ಕಲಿಸಿದರು. ಹುರಿದ ಕಾಫಿಬೀಜದ ಬಣ್ಣ ಇದ್ದರೆ ಎಂಜಿನ್ ಆರೋಗ್ಯ. ಒದ್ದೆ ಕಪ್ಪಾಗಿದ್ದರೆ ಪೆಟ್ರೋಲೋ ಎಣ್ಣೆಯೋ ಹೆಚ್ಚಾಗಿದೆ, ಇಲ್ಲವೆ ಗಾಳಿ ಜಾಲರಿ ಕಟ್ಟಿದೆ. ಬೆಳ್ಳಗೆ ಸುಣ್ಣ ಕಟ್ಟಿದಂತಿದ್ದರೆ ಪೆಟ್ರೋಲು ಸಾಲುತ್ತಿಲ್ಲ. ಜೆಟ್ಟಿನಲ್ಲಿ ಕಸ, ಅಥವಾ ಕಾರ್ಬೊರೇಟರಿಗೂ ಎಂಜಿನ್ನಿಗೂ ನಡುವಿನ ರಬ್ಬರು ಸೀಳಿ ಕಳ್ಳ ಗಾಳಿ ನುಗ್ಗುತ್ತಿದೆ. ಬೆಳ್ಳಗಿನ ಪ್ಲಗ್ ಕಂಡರೆ ಅವರು ಹಾಗೇ ಓಡಿಸಲು ಬಿಡುತ್ತಿರಲಿಲ್ಲ. ಕಪ್ಪು ಪ್ಲಗ್ ದಾರಿಯಲ್ಲಿ ನಿಲ್ಲಿಸುತ್ತದೆ, ಬಿಳಿ ಪ್ಲಗ್ ಪಿಸ್ಟನ್ ತಿನ್ನುತ್ತದೆ ಅನ್ನುವುದು ಅವರ ಲೆಕ್ಕ.

ಸೈಲೆನ್ಸರಿನ ಜಾಲರಿ ಸುಡುವ ಕೆಲಸ ನಮ್ಮ ಮನೆಯಲ್ಲಿ ನಡೆಯುತ್ತಿತ್ತು. ಎಳೆತ ನಿಧಾನವಾಗಿ ಕುಗ್ಗುತ್ತ ಬಂದು, ಒಂದು ದಿನ ಏರು ಹತ್ತದೆ ನಿಲ್ಲುವ ಗಾಡಿಗೆ ಮದ್ದು ಅಲ್ಲಿರುತ್ತಿತ್ತು. ಸೈಲೆನ್ಸರಿನ ಹಿಂದಿನ ಒಂದು ಸಣ್ಣ ಬೋಲ್ಟು ತೆಗೆದರೆ ಒಳಗಿನ ಕೊಳವೆ ಹೊರಬರುತ್ತಿತ್ತು, ತೂತುಗಳೆಲ್ಲ ಡಾಂಬರಿನಂಥ ಮಸಿಯಿಂದ ಕಟ್ಟಿಕೊಂಡಿರುತ್ತಿದ್ದವು. ಹೊಗೆ ಹೊರಗೆ ಹೋಗದಿದ್ದರೆ ಹೊಸ ಪೆಟ್ರೋಲು-ಗಾಳಿಗೆ ಒಳಗೆ ಜಾಗ ಎಲ್ಲಿ? ಅದನ್ನು ಬಚ್ಚಲೊಲೆಯಲ್ಲಿ ಸೌದೆಯ ನಡುವೆ ತೂರಿಸಿ, ಕೆಂಪಗೆ ಕಾದ ಮೇಲೆ ಇಕ್ಕುಳದಲ್ಲಿ ಹಿಡಿದು ಕಲ್ಲಿಗೆ ಬಡಿದರೆ ಮಸಿ ಹಕ್ಕಳೆಯಾಗಿ ಉದುರುತ್ತಿತ್ತು. ಹಂಡೆಯ ನೀರಿಗೆಲ್ಲ ಆ ವಾಸನೆ ಹತ್ತುತ್ತಿತ್ತು. “ಮೈ ತೊಳೆಯಾಕ ಹೋದ್ರ ಬಸ್ಸಿನ ನಾತ ಹೊಡೀತೈತಿ” ಎಂದು ಅವ್ವ ಒದರುತ್ತಿದ್ದಳು, ಆದರೆ ಒಣ ಸೌದೆ ಆರಿಸಿ ಕೊಡುತ್ತಿದ್ದವಳೂ ಅವಳೇ. ಜಾಲರಿಯನ್ನೇ ತೆಗೆದೆಸೆದು ಸದ್ದು ಮಾಡಿಕೊಂಡು ತಿರುಗುವ ಹುಡುಗರೂ ಆಗ ಬೇಕಾದಷ್ಟು ಇದ್ದರು. ಸದ್ದು ಹೆಚ್ಚಾದಷ್ಟು ಎಳೆತ ಹೆಚ್ಚಾಗುತ್ತದೆಂದು ನಂಬಿದ್ದರು. ಎರಡು ಸ್ಟ್ರೋಕಿನ ಸೈಲೆನ್ಸರು ಹೊರಗೆ ಹೋಗುವ ಹೊಗೆಯ ಅಲೆಯನ್ನು ಹಿಂದಕ್ಕೆ ತಳ್ಳಿ, ತಾಜಾ ಪೆಟ್ರೋಲು ಸೋರಿಹೋಗದಂತೆ ತಡೆಯುತ್ತದೆ. ಅಳತೆ ಕೆಡಿಸಿದರೆ ತಗ್ಗು ವೇಗದ ಎಳೆತ ಕಮ್ಮಿಯೇ ಆಗುತ್ತದೆ.

ಸೀಮೆಎಣ್ಣೆಯ ಕಾಟ ಮತ್ತೊಂದು. ಬಂಕುಗಳು ದೂರ ಇದ್ದ ಊರುಗಳಲ್ಲಿ ಪೆಟ್ರೋಲನ್ನು ಗೂಡಂಗಡಿಯಲ್ಲಿ ಬಾಟಲಿಗೆ ಹಾಕಿ ಮಾರುತ್ತಿದ್ದರು. ಕೆಲವರು ಅದಕ್ಕೆ ರೇಷನ್ನಿನ ನೀಲಿ ಸೀಮೆಎಣ್ಣೆ ಬೆರೆಸುತ್ತಿದ್ದರು. ಹಾಕಿಸಿಕೊಂಡು ನಾಲ್ಕು ಮೈಲಿ ಹೋಗುವಷ್ಟರಲ್ಲಿ ಎಂಜಿನ್ ಟಕಟಕ ಬಡಿದುಕೊಳ್ಳುವುದು, ಹೊಗೆ ದಪ್ಪವಾಗುವುದು, ಚಿಮಣಿ ಬುಡ್ಡಿ ಆರಿಸಿದಾಗಿನ ವಾಸನೆ ಹಿಂದೆಯೇ ಬರುವುದು. ಮೇಸ್ತ್ರಿ ಒಂದು ಹನಿಯನ್ನು ಒತ್ತುಕಾಗದದ ಮೇಲೆ ಬಿಡುತ್ತಿದ್ದರು. ಶುದ್ಧ ಪೆಟ್ರೋಲಾದರೆ ಕೆಲವೇ ನಿಮಿಷಗಳಲ್ಲಿ ಕಲೆಯುಳಿಯದೆ ಆರುತ್ತದೆ, ಸೀಮೆಎಣ್ಣೆ ಇದ್ದರೆ ಜಿಡ್ಡಿನ ಉಂಗುರ ನಿಲ್ಲುತ್ತದೆ. ಈಗಲೂ ಬಂಕಿನಲ್ಲಿ ಕೇಳಿದರೆ ಫಿಲ್ಟರ್ ಕಾಗದ ಕೊಡಲೇಬೇಕು, ಯಾರೂ ಕೇಳುವುದಿಲ್ಲ.

ಇವೆಲ್ಲ ಸಣ್ಣ ರೋಗಗಳು. ದೊಡ್ಡದು ಪಿಸ್ಟನ್ ಹಿಡಿಯುವುದು. ಆರ್‌ಎಕ್ಸ್‌ಗೆ ಪಕ್ಕದ ಮುಚ್ಚಳದೊಳಗೆ ಎಣ್ಣೆಗೆಂದೇ ಬೇರೆ ಡಬ್ಬಿ, ಅದನ್ನು ಅಳೆದು ಎಂಜಿನ್ನಿಗೆ ಕಳಿಸಲು ಪಂಪು. ಯೆಜ್ಡಿಯವರ ಹಾಗೆ ಪೆಟ್ರೋಲಿಗೆ ಎಣ್ಣೆ ಬೆರೆಸುವ ಕೆಲಸ ಇಲ್ಲ, ಆದ್ದರಿಂದಲೇ ಮರೆವು. ಆನವಟ್ಟಿಯ ಕಡೆಯ ಒಬ್ಬ ಮೇಷ್ಟ್ರ ಗಾಡಿಯಲ್ಲಿ ಡಬ್ಬಿ ಬರಿದಾಗಿತ್ತು. ಬಿರುಬಿಸಿಲಿನಲ್ಲಿ ಎಪ್ಪತ್ತರ ಮೇಲೆ ಓಡುವಾಗ ಎಂಜಿನ್ ಕೀರಲು ದನಿ ಮಾಡಿ ಎಳೆತ ಒಮ್ಮೆಗೇ ಇಳಿದಿತ್ತು. ಮುಂದಿನ ಗಳಿಗೆಯಲ್ಲಿ ಹಿಂದಿನ ಚಕ್ರ ಕಟ್ಟಿ ಗಾಡಿ ಜಾರಿತು. ಅಲ್ಯೂಮಿನಿಯಮ್ ಪಿಸ್ಟನ್ ಬಿಸಿಗೆ ಸುತ್ತಲಿನ ಕಬ್ಬಿಣಕ್ಕಿಂತ ಹೆಚ್ಚು ಹಿಗ್ಗುತ್ತದೆ. ನಡುವಿನ ಎಣ್ಣೆಯ ಪದರ ಆರಿದರೆ ಎರಡೂ ಕಚ್ಚಿಕೊಳ್ಳುತ್ತವೆ. ಮೇಷ್ಟ್ರ ಮೊಣಕಾಲು ಒಡೆಯಿತು, ಪುಣ್ಯಕ್ಕೆ ಹಿಂದೆ ಲಾರಿ ಇರಲಿಲ್ಲ. ಶಿವಮೊಗ್ಗಕ್ಕೆ ಬ್ಲಾಕು ಕಳಿಸಿ ಬೋರು ಮಾಡಿಸಿ, ಒಂದು ಸೈಜು ದೊಡ್ಡ ಪಿಸ್ಟನ್ ಹಾಕಿಸುವಷ್ಟರಲ್ಲಿ 900 ರೂಪಾಯಿ ಆಯಿತು, ಆಗಿನ ಅರ್ಧ ಸಂಬಳ. ಎಳೆತ ಒಮ್ಮೆಗೇ ಕುಸಿದು ಸದ್ದು ಬದಲಾದರೆ ಬೇರೇನೂ ಯೋಚಿಸದೆ ಕ್ಲಚ್ಚು ಹಿಡಿದು ಬದಿಗೆ ಸರಿಯಬೇಕು ಎಂದು ಮೇಸ್ತ್ರಿ ಗ್ಯಾರೇಜಿಗೆ ಬಂದ ಪ್ರತಿ ಹುಡುಗನಿಗೂ ಹೇಳುತ್ತಿದ್ದರು. ನಾನೂ ನಿಮಗೆ ಅದನ್ನೇ ಹೇಳುತ್ತೇನೆ. ಈಗಿನ ನಾಲ್ಕು ಸ್ಟ್ರೋಕಿನ ಗಾಡಿಯಲ್ಲೂ ಎಂಜಿನ್ ಆಯಿಲ್ ತಳ ಕಂಡರೆ ಹೀಗೇ ಆಗುತ್ತದೆ.

1996ರಲ್ಲಿ ಆರ್‌ಎಕ್ಸ್ 100 ನಿಂತಿತು. ಮೈಸೂರಿನ ಜಾವಾ ಕಾರ್ಖಾನೆ ಬಾಗಿಲು ಹಾಕಿದ್ದೂ ಅದೇ ವರ್ಷ. ಹೊಗೆಯ ನಿಯಮಗಳು ಬಿಗಿಯಾದವು. 2000ದ ಹೊತ್ತಿಗೆ ಸೀಸವಿಲ್ಲದ ಪೆಟ್ರೋಲು ದೇಶಕ್ಕೆಲ್ಲ ಬಂತು. ಎಣ್ಣೆ ಸುಟ್ಟು ಹೊಗೆಯುಗುಳುವ ಎಂಜಿನ್ನಿಗೆ ಜಾಗ ಉಳಿಯಲಿಲ್ಲ, ಉಳಿಯಬೇಕಿತ್ತು ಎಂದು ನಾನು ಹೇಳುವುದಿಲ್ಲ. ಆ ನೀಲಿ ಹೊಗೆಯನ್ನು ಹಿಂದೆ ಬರುವವರು ಕುಡಿಯುತ್ತಿದ್ದರು. ನನ್ನ ಗಾಡಿಯನ್ನು 2003ರಲ್ಲಿ 9,000ಕ್ಕೆ ಕೊಟ್ಟೆ. ಈಗ ಚೆನ್ನಾಗಿಟ್ಟ ಆರ್‌ಎಕ್ಸ್‌ಗೆ ಲಕ್ಷದ ಮೇಲೆ ಕೇಳುತ್ತಾರೆ.

ಯಮಹಾ ಆರ್15 ಬಂದದ್ದು 2008ರಲ್ಲಿ. 150 ಸಿಸಿ, ನೀರಿನಿಂದ ತಣಿಯುವ ಎಂಜಿನ್ನು, ಕಾರ್ಬೊರೇಟರು ಇಲ್ಲ. ಪೆಟ್ರೋಲನ್ನು ಟ್ಯಾಂಕಿನೊಳಗಿನ ವಿದ್ಯುತ್ ಪಂಪು ಒತ್ತಡದಲ್ಲಿ ತಳ್ಳುತ್ತದೆ, ಇಂಜೆಕ್ಟರು ಚಿಮುಕಿಸುತ್ತದೆ, ಎಷ್ಟು ಚಿಮುಕಿಸಬೇಕೆಂದು ಒಂದು ಸಣ್ಣ ಕಂಪ್ಯೂಟರು ಲೆಕ್ಕ ಹಾಕುತ್ತದೆ. 2020ರ ಏಪ್ರಿಲಿನಿಂದ ಬಿಎಸ್6 ನಿಯಮ ಬಂದ ಮೇಲೆ ದಿನಬಳಕೆಯ ಹೆಚ್ಚಿನ ಬೈಕುಗಳಲ್ಲೂ ಇಂಜೆಕ್ಟರೇ. ಹಳ್ಳಿಯ ಹುಡುಗರು ಇಂಥ ಗಾಡಿಯಲ್ಲಿ ಬಾಗಿ ಕೂತು ಶಿರಾಳಕೊಪ್ಪದ ಸಂತೆಗೆ ಹೋಗುವುದನ್ನು ನೋಡಿದರೆ ನನಗೆ ಖುಷಿಯೇ ಆಗುತ್ತದೆ. ಏನಾದರೂ ಕೆಟ್ಟರೆ ಮುಂದೆ ಒಂದು ಹಳದಿ ದೀಪ ಹೊತ್ತುತ್ತದೆ. ಕೆಲವು ಗಾಡಿಗಳಲ್ಲಿ ಆ ದೀಪ ಎಷ್ಟು ಸಲ ಮಿನುಗುತ್ತದೆ ಎಂಬುದೇ ರೋಗದ ಸಂಖ್ಯೆ. ಮಾತು ಬಾರದ ಗಾಡಿಗೆ ಅಷ್ಟರಮಟ್ಟಿಗೆ ಬಾಯಿ ಬಂದಿದೆ.

ತಂಗಿಯ ಮೊಮ್ಮಗನ ಹತ್ತಿರ ಇಂಥದ್ದೊಂದು 150 ಸಿಸಿಯ ಗಾಡಿ ಇದೆ. ಹೋದ ವರ್ಷ ಅದು ಹಠಾತ್ತನೆ ಸೊರಗತೊಡಗಿತು. ಒಳ್ಳೆ ದಾರಿಯಲ್ಲಿ ಸರಿ, ಗುಂಡಿಗೆ ಬಿದ್ದೆದ್ದರೆ ದೀಪ ಹೊತ್ತಿ ಎಳೆತ ಮಾಯ. ಕಂಪ್ಯೂಟರು ಹಚ್ಚಿ ನೋಡಿದವರು, ಒಳಗೆ ಬರುವ ಗಾಳಿಯ ಒತ್ತಡ ಅಳೆಯುವ ಸೆನ್ಸಾರು ಎಂದರು. ಹೊಸದನ್ನು ಹಾಕಿದರೂ ವಾರದಲ್ಲೇ ದೀಪ ಮತ್ತೆ ಹೊತ್ತಿತು. “ಅಜ್ಜ, ನಿಮ್ಮ ಮೇಸ್ತ್ರಿ ಇದ್ದಾರೇನು?” ಎಂದು ಕೇಳಿದ. ಮೇಸ್ತ್ರಿ ತೀರಿಕೊಂಡು ಬಹಳ ವರ್ಷವಾಗಿದೆ. ಗ್ಯಾರೇಜು ಇದೆ, ತಗಡು ಹೋಗಿ ಆರ್‌ಸಿಸಿ ಬಂದಿದೆ, ಮಗ ನಡೆಸುತ್ತಾನೆ.

ಮಗ ಮೊದಲು ಹಿಂದಿನ ಚಕ್ರ ತಿರುಗಿಸಿದ, ಈ ಗಾಡಿಗೆ ಡ್ರಮ್ಮು ಇಲ್ಲ, ಡಿಸ್ಕಿನ ಹತ್ತಿರ ಬೆರಳು ಒಯ್ದು ಬಿಸಿ ನೋಡಿದ. ಆಮೇಲೆ ಅಂಗೈಯಗಲದ ಸ್ಕ್ಯಾನರನ್ನು ಸೀಟಿನಡಿಯ ಪ್ಲಗ್ಗಿಗೆ ಸಿಕ್ಕಿಸಿದ. ಅದೇ ಸಂಖ್ಯೆ ಬಂತು. “ಇದು ಸೆನ್ಸಾರಿಂದ ಮಾತು ಬರ್ತಿಲ್ಲ ಅಂತ ಹೇಳ್ತೈತಿ. ಸೆನ್ಸಾರೇ ಸತ್ತೈತೋ, ದಾರ್ಯಾಗ ಏನಾತೋ, ಅದನ್ನ ನಾವು ನೋಡ್ಬೇಕು” ಎಂದು ಹುಡುಗನಿಗೆ ಹೇಳಿದ. ಎಂಜಿನ್ ಓಡುತ್ತಿದ್ದಂತೆಯೇ ವೈರಿನ ಜುಟ್ಟನ್ನು ತುದಿಯಿಂದ ತುದಿಗೆ ಸ್ವಲ್ಪ ಸ್ವಲ್ಪ ಅಲುಗಾಡಿಸುತ್ತ ಬಂದ. ಟ್ಯಾಂಕಿನ ಅಡಿಯ ಒಂದು ಕಡೆ ಮುಟ್ಟಿದಾಗ ಎಂಜಿನ್ ತೊದಲಿತು, ದೀಪ ಹೊತ್ತಿತು. ಟೇಪು ಬಿಚ್ಚಿದರೆ ವೈರಿನ ಸಿಪ್ಪೆ ಹೋಗಿ, ತಾಮ್ರದ ಒಂದೆರಡು ಎಳೆ ಮಾತ್ರ ಹಿಡಿದುಕೊಂಡಿದ್ದವು. ಪಕ್ಕದಲ್ಲೇ ಮೆಕ್ಕೆಜೋಳದ ಹೊಟ್ಟು, ಇಲಿ ಹಿಕ್ಕೆ. ಗಾಡಿಯನ್ನು ಹುಡುಗನ ಮನೆಯವರು ನಿಲ್ಲಿಸುತ್ತಿದ್ದದ್ದು ಹಳೆಯ ದನದ ಕೊಟ್ಟಿಗೆಯಲ್ಲಿ, ಜೋಳದ ಚೀಲಗಳ ಪಕ್ಕ. ದನ ಮಾರಿ ಎಷ್ಟೋ ವರ್ಷವಾಗಿತ್ತು.

ಬೆಸುಗೆ ಹಾಕಿ ಟೇಪು ಸುತ್ತಿದ್ದಕ್ಕೆ 250, ಸ್ಕ್ಯಾನರು ಹಚ್ಚಿದ್ದಕ್ಕೆ 150. ಅದೇ ಕೈಯಲ್ಲಿ ಅವನು ಪೆಟ್ರೋಲನ್ನೂ ಒಂದು ಗಾಜಿನ ಬಾಟಲಿಗೆ ಹಿಡಿದು, ಬೆಳಕಿಗೆ ಎತ್ತಿ ನೋಡಿದ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20 ಎಥನಾಲ್. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಅದಕ್ಕೆ ಚಾಲನೆ ಕೊಟ್ಟರು. ಕಬ್ಬಿನಿಂದಷ್ಟೇ ಅಲ್ಲ, ನಮ್ಮ ಶಿಕಾರಿಪುರದ ಹೊಲಗಳಲ್ಲಿ ಬೆಳೆಯುವಂಥ ಮೆಕ್ಕೆಜೋಳದಿಂದಲೂ ಎಥನಾಲ್ ಬರುತ್ತದೆ. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ಅಳತೆ ಮೀರಿ ನೀರು ಸೇರಿದರೆ ಎರಡೂ ಕೂಡಿ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ; ಪಂಪು ಎಳೆಯುವುದು ತಳದಿಂದಲೇ. ನಮ್ಮ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಅರ್ಧ ಟ್ಯಾಂಕಿನಲ್ಲಿ ನಿಂತ ಗಾಡಿಗಳು ಈ ಕಾರಣಕ್ಕೆ ಸೊರಗುತ್ತವೆ, ಬಾಟಲಿಯಲ್ಲಿ ಎರಡು ಪದರ ಕಂಡರೆ ಟ್ಯಾಂಕು ಬರಿದು ಮಾಡಬೇಕು ಎಂದ. ಹುಡುಗನ ಬಾಟಲಿಯಲ್ಲಿ ಒಂದೇ ಪದರ ಇತ್ತು. ಅವನು ಫೋನಿನಲ್ಲಿ 400 ರೂಪಾಯಿ ಕಳಿಸಿದ. ಮನೆಗೆ ಹೋದ ಮೇಲೆ ಗಾಡಿಯನ್ನು ಪಡಸಾಲೆಯ ಮುಂದಿನ ಜಗಲಿಗೆ ಹತ್ತಿಸಿ ನಿಲ್ಲಿಸಿದರು, ಜೋಳದ ಚೀಲಗಳು ಕೊಟ್ಟಿಗೆಯಲ್ಲೇ ಉಳಿದವು.